ಮೇಷ್ಟ್ರ ಹೋಮ್‌ವರ್ಕ್

ನನ್ನ ಗಂಡನಿಗೆ ತಲೆ ಕೆಟ್ಟಿದೆ ಎಂದು ಜೋಗುಪಾಳ್ಯದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಪೂರ್ತಿ ಕೆಟ್ಟಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಅಷ್ಟೆ.

ಬಾಯಿಪಾಠ ಮಾಡಿಸಿದ ವ್ಯಾಕರಣ ಪರೀಕ್ಷೆಯ ಮರುದಿನವೇ ಆವಿಯಾಗುತ್ತದೆ, ಅಗತ್ಯ ಬಿದ್ದು ಆಡಿದ ಮಾತು ಮಾತ್ರ ಉಳಿಯುತ್ತದೆ ಎಂಬುದು ಇವರ ಸಿದ್ಧಾಂತ. ಸರಿ, ಅಗತ್ಯವನ್ನು ಎಲ್ಲಿಂದ ತರುವುದು? ನಮ್ಮ ಅಡುಗೆಮನೆಯಿಂದ! ವಿನಂತಿಸುವ ಪಾಠದ ದಿನ ನನ್ನ ಟೊಮೇಟೊ, ಬದನೆಕಾಯಿ, ಬೀನ್ಸು ಎಲ್ಲವೂ ತರಗತಿಗೆ ಹೋದವು. ಇಂಗ್ಲಿಷಿನಲ್ಲಿ ನಯವಾಗಿ ಕೇಳಿದವರಿಗೆ ತರಕಾರಿ. ಮಕ್ಕಳು ಎಷ್ಟು ನಯವಾಗಿ ಕೇಳಿದರೆಂದರೆ, ಸಂಜೆ ಚೀಲದಲ್ಲಿ ವಾಪಸ್ಸು ಬಂದದ್ದು ಒಂದೇ ಒಂದು ಹಸಿಮೆಣಸಿನಕಾಯಿ.

"ಸಾರಿಗೆ ಏನ್ರೀ ಹಾಕ್ಲಿ?" ಎಂದೆ.

"ಎಲ್ರೂ ಮಾತಾಡಿದ್ರು ಕಣೇ," ಎಂದರು, ಮನೆಗೆ ಹಬ್ಬವೇ ಬಂದ ಹಾಗೆ ಹಿಗ್ಗಿ.

ದೂರು ಹೇಳುವ ಪಾಠಕ್ಕೆ ನನ್ನನ್ನೇ ಕರೆದೊಯ್ದರು. ನಾನು ಹೋಟೆಲಿನ ಮಾಲಕಿ, ಮಕ್ಕಳು ಗಿರಾಕಿಗಳು. ನಾನು ಮಾಡಿದ ಉಪ್ಪಿಟ್ಟು ತಿಂದು ಇಂಗ್ಲಿಷಿನಲ್ಲಿ ತಪ್ಪು ಹುಡುಕಬೇಕು. ತಣ್ಣಗಿದೆ, ಗಂಟಾಗಿದೆ, ಉಪ್ಪಿಲ್ಲ! ಎಲ್ಲರಿಗಿಂತ ನಿರರ್ಗಳವಾಗಿ ದೂರಿದವರು ಮಾತ್ರ ಮೇಷ್ಟ್ರೇ. ಇಷ್ಟು ವರ್ಷ ಅದನ್ನೆಲ್ಲ ಎಲ್ಲಿ ಅಡಗಿಸಿಟ್ಟಿದ್ದರೋ! ಗಲಾಟೆ ಕೇಳಿ ಓಡಿಬಂದ ಹೆಡ್‌ಮಾಸ್ಟರನ್ನೂ ಗಿರಾಕಿಯಾಗಿ ಕೂರಿಸಿದರು. ಅವರು ಇನ್ನೊಂದು ಸಲ ಹಾಕಿಸಿಕೊಂಡು ತಿಂದರು ಎಂಬುದೊಂದೇ ನನಗೆ ಸಮಾಧಾನ.

ಊರ ಮಕ್ಕಳನ್ನೆಲ್ಲ ಮಾತಾಡಿಸುವ ಇವರ ಜೊತೆ ಒಬ್ಬರು ಮಾತು ಬಿಟ್ಟಿದ್ದರು. ಪಕ್ಕದ ದೊಮ್ಮಲೂರಿನಲ್ಲೇ ಇರುವ ಇವರ ಸ್ವಂತ ಅಕ್ಕ. ವರ್ಷಗಳ ಹಿಂದೆ ತಮ್ಮ ಮಗಳ ಮದುವೆಯ ಆಹ್ವಾನ ಪತ್ರಿಕೆಯ ಇಂಗ್ಲಿಷ್ ಒಕ್ಕಣೆಯನ್ನು ಅಕ್ಕ ತಾವೇ ಆಸೆಯಿಂದ ಬರೆದಿದ್ದರು. ಇವರು ಬೀಗರೆದುರಿಗೇ ಕೆಂಪು ಪೆನ್ನು ತೆಗೆದು ತಿದ್ದಿದರು. ಸಾಲದ್ದಕ್ಕೆ ಮೂಲೆಯಲ್ಲಿ ಅಂಕವನ್ನೂ ಕೊಟ್ಟರು! ಆ ವರ್ಷ ಗೌರಿ ಹಬ್ಬಕ್ಕೆ ನಾವು ಕಳಿಸಿದ ತವರಿನ ಬಾಗಿನ ಹಾಗೆಯೇ ವಾಪಸ್ಸು ಬಂತು. ಅಂದು ಇವರು ಊಟ ಮಾಡಲಿಲ್ಲ. ಆಮೇಲೆ ಅಕ್ಕನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು.

ಈ ವರ್ಷ ಕ್ಷಮೆ ಕೇಳುವ ಪಾಠ ಬಂತು. ಯಾರಿಗಾದರೂ ನಿಜವಾಗಿ ನೋವು ಮಾಡಿದ್ದರೆ ಹೋಗಿ ಕ್ಷಮೆ ಕೇಳಿ ಬನ್ನಿ, ಅದೇ ಹೋಮ್‌ವರ್ಕ್ ಎಂದರಂತೆ. ಕಲಬುರಗಿ ಕಡೆಯಿಂದ ಬಂದು ನಮ್ಮ ಬೀದಿಯಲ್ಲೇ ಬಾಡಿಗೆಗಿರುವವರ ಮಗಳು ಎದ್ದು ನಿಂತಳಂತೆ.

"ಸರ್, ನೀವ್ ಯಾರ ಬಲ್ಲಿ ಹೋಗ್ತೀರಿ?"

ತರಗತಿ ನಕ್ಕಿತು. ಇವರು ನಗಲಿಲ್ಲ.

ಭಾನುವಾರ ದೊಮ್ಮಲೂರಿಗೆ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ಅಭ್ಯಾಸ. ಅಕ್ಕನ ಪಾತ್ರ ನನ್ನದು. "ಇನ್ನೂ ಸ್ವಲ್ಪ ಕೋಪ ಮಾಡ್ಕೊಳೇ, ನಿಜ ಅನ್ನಿಸ್ತಿಲ್ಲ," ಎಂದು ನನ್ನನ್ನೇ ತಿದ್ದಿದರು. ಆಟೋದವನು ಕನ್ನಡಿಯಲ್ಲಿ ನೋಡಿ, "ಬಿಟ್ಬಿಡಿ ಮೇಡಂ, ಪಾಪ, ಅಷ್ಟೊಂದ್ ಕೇಳ್ಕೊತಾವ್ರೆ," ಎಂದ.

ಅಕ್ಕ ಬಾಗಿಲು ತೆರೆದರು. ಇವರು ಬಾಯಿ ತೆರೆದರು. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಹೊಸಿಲ ಹೊರಗೇ ನಿಂತು ಸುಮ್ಮನೆ ಅತ್ತುಬಿಟ್ಟರು.

ಅಕ್ಕ ಹೊಸಿಲು ದಾಟಿ ಬಂದರು. ಇವರ ಕೈ ಹಿಡಿದುಕೊಂಡರು.

"ಜೋಗುಪಾಳ್ಯದಿಂದ ಇಲ್ಲಿಗ್ ಬರೋಕೆ ಇಷ್ಟ್ ವರ್ಷ ಬೇಕಾಯ್ತೇನೋ ನಿಂಗೆ?"