ತಾಳಪ್ಪನ ತಾಳ

ಗುದ್ದಲಿಗೆ ಕಣ್ಣಿಲ್ಲ. ರಸ್ತೆ ಅಗೆಯುವವನು ಬೆಳಿಗ್ಗೆ ಒಂಬತ್ತಕ್ಕೆ ಎತ್ತಿ ಹಾಕಿದ ಏಟಿಗೆ ಮಣ್ಣಿನ ಜತೆ ತೆಳ್ಳನೆಯ ಕೇಬಲೊಂದೂ ತುಂಡಾಯಿತು. ಅದರೊಳಗೆ ಯಾರ ಮಾತೂ ಹರಿಯುತ್ತಿರಲಿಲ್ಲ. ಹರಿಯುತ್ತಿದ್ದದ್ದು ಬರೀ ತಾಳ.

ಫೋನಿನ ಮಾತು ಚೂರುಚೂರಾಗಿ ಒಂದು ಎಕ್ಸ್‌ಚೇಂಜಿನಿಂದ ಇನ್ನೊಂದಕ್ಕೆ ದಾಟುತ್ತದೆ, ಬೆಂಕಿ ಬಿದ್ದ ಮನೆಗೆ ಜನ ಸಾಲಾಗಿ ನಿಂತು ಬಿಂದಿಗೆ ದಾಟಿಸಿದ ಹಾಗೆ. ಎಲ್ಲರ ಕೈಯೂ ಒಂದೇ ತಾಳಕ್ಕೆ ಆಡಬೇಕು. ಒಬ್ಬನ ಕೈ ತುಸು ತಡವಾದರೂ ಬಿಂದಿಗೆ ನೆಲಕ್ಕೆ, ಫೋನಿನಲ್ಲಿ ‘ಟಕ್’. ಆ ತಾಳ ಹೊರಡುವುದು ಹೆಡ್ಡಾಫೀಸಿನ ದೊಡ್ಡ ಗಡಿಯಾರದಿಂದ. ಇಲ್ಲಿ ಅದನ್ನು ಕಾಯುವ ಮೆಕ್ಯಾನಿಕ್‌ಗೆ ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ತಾಳಪ್ಪ.

ತಾಳ ಕಡಿದ ಗುರುತಿಗೆ ಅವನ ಮುಂದೆ ಕೆಂಪು ದೀಪ ಹತ್ತಿತು. ಸಂಜೆ ನಾಲ್ಕಕ್ಕೆ ಸಾಹೇಬರ ತಪಾಸಣೆ. “ಇನ್ನೊಂದು ದೂರು ಬಂದ್ರೆ ಕೇಬಲ್ ಗೋಡೌನಿಗೆ ಹಾಕ್ತೀನಿ” ಎಂದು ಹೋದ ಸಲವೇ ಹೇಳಿದ್ದರು. ಗೋಡೌನೆಂದರೆ ಊರಾಚೆ, ಇಲಿಗಳ ಜತೆ ಸಂಸಾರ.

“ಪಕ್ಕದೂರಿನ ಎಕ್ಸ್‌ಚೇಂಜಿಂದ ತಾಳ ತಗೊಳ್ಳಿ. ನಿಮ್ಮ ಹೆಂಡತಿ ತಮ್ಮ ತಾನೇ ಅಲ್ಲಿರೋದು?” ಎಂದರು ಆಪರೇಟರಮ್ಮ, ಹೆಣಿಗೆಯಿಂದ ಕಣ್ಣೆತ್ತದೆ.

ಭಾವಮೈದುನ ಫೋನೆತ್ತಿದ. “ತಗೊಳ್ಳಿ ಭಾವ, ಅದಕ್ಕೂ ಕೇಳ್ಬೇಕಾ?”

ಸ್ವಿಚ್ಚು ತಿರುಗಿತು, ಕೆಂಪು ದೀಪ ಆರಿತು. ತಾಳಪ್ಪ ಉಸಿರುಬಿಟ್ಟ.

ಹನ್ನೊಂದಕ್ಕೆ ವಕೀಲರು ಫ್ಯಾಕ್ಸಿನ ಹಾಳೆ ಹಿಡಿದು ನುಗ್ಗಿದರು. ಸಾಲುಗಳೆಲ್ಲ ಇಳಿಜಾರಿನಲ್ಲಿ ಜಾರಿದ್ದವು. “ನೋಡ್ರೀ, ಕಕ್ಷಿದಾರನ ಸಹಿ ಹೋಗಿ ಎದುರಾಳಿ ಹೆಸರಿನ ಕೆಳಗೆ ಕೂತಿದೆ! ಸಾಹೇಬರು ಬರೋವರೆಗೂ ನಾನಿಲ್ಲಿಂದ ಏಳಲ್ಲ. ದೂರು ಕೈಗೇ ಕೊಡ್ತೀನಿ.”

“ಮಾತಿನ ಮಧ್ಯೆ ಯಾರೋ ನೆಟಿಗೆ ಮುರೀತಾರಂತೆ” ಎಂದರು ಆಪರೇಟರಮ್ಮ. “ಇದು ಒಂಬತ್ತನೇ ಕರೆ.”

ತಾಳಪ್ಪ ಪ್ರತಿ ಸಲವೂ ಭಾವಮೈದುನನಿಗೆ ಫೋನು ಮಾಡಿ ನೋಡಿದ. ಗಂಟೆ ಬಾರಿಸಿದಷ್ಟು ಸ್ಪಷ್ಟ! “ತಾಳ ಸರಿಯಾಗೇ ಇದೆ ಸ್ವಾಮಿ, ನಿಮ್ಮ ಯಂತ್ರ ತೋರಿಸಿ” ಎಂದ. ವಕೀಲರು ದೂರಿನ ಎರಡನೇ ಪುಟಕ್ಕೆ ಹೊರಳಿದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮತ್ತೆ ಭಾವಮೈದುನನಿಗೆ ಫೋನು ಮಾಡಿದ ತಾಳಪ್ಪನಿಗೆ ಬೆಳಿಗ್ಗೆಯೇ ಕೇಳಬೇಕಿದ್ದ ಪ್ರಶ್ನೆ ಹೊಳೆಯಿತು. “ಅದ್ಸರಿ, ನೀನು ಯಾರಿಂದ ತಗೊಂಡಿದ್ದೀಯೋ?”

ಆ ಕಡೆ ಅವನು ತಲೆ ಕೆರೆದುಕೊಂಡ. ಅದೂ ಬಹಳ ಸ್ಪಷ್ಟವಾಗಿ ಕೇಳಿಸಿತು.

“ನಮ್ಮ ಕೇಬಲೂ ಅದೇ ಗುಂಡಿಯಲ್ಲೇ ಇತ್ತು ಭಾವ. ಒಂಬತ್ತಕ್ಕೇ ನಿಮ್ಮಿಂದ ತಗೊಂಡ್ಬಿಟ್ಟೆ. ಮನೆಯ ಹಿರಿಯರು, ನಿಮ್ಮನ್ನ ಬಿಟ್ಟು ಇನ್ಯಾರನ್ನ ನಂಬ್ಲಿ? ಆಮೇಲೆ ನೀವೇ ಕೇಳಿದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.”

ಇಬ್ಬರು ಕುಡುಕರು ಒಬ್ಬರ ಹೆಗಲಿಗೊಬ್ಬರು ಕೈಹಾಕಿ ಹೊರಟಂತಾಗಿತ್ತು. ಅವರಿಬ್ಬರ ಮಟ್ಟಿಗೆ ಇಬ್ಬರೂ ನೆಟ್ಟಗೇ, ತೂರಾಡುತ್ತಿರುವುದು ಊರು.

ಸ್ವಿಚ್ಚಿನತ್ತ ಕೈ ಚಾಚುವಷ್ಟರಲ್ಲಿ ಸಾಹೇಬರು ಒಳಗೆ ಬಂದರು. ವಕೀಲರ ದೂರು ಓದಿ ಹುಬ್ಬು ಗಂಟಿಕ್ಕಿದರು. “ಎಲ್ಲಿಗೆ ಫೋನು ಮಾಡಿ ನೋಡ್ಲಿ?”

“ಪ... ಪಕ್ಕದೂರಿಗೆ ಮಾಡಿ ಸಾರ್” ಎಂದ ತಾಳಪ್ಪ. ಮುಳುಗುವವನಿಗೆ ನಾಚಿಕೆಯೆಲ್ಲಿಯದು?

ಫೋನೆತ್ತಿ ಮಾತಾಡಿದ ಸಾಹೇಬರ ಮುಖ ಅರಳಿತು. “ಆಹಾ! ಹೂಂ... ಹೌದಾ? ಆಗ್ಲಿ, ಆಗ್ಲಿ” ಎಂದು ಇಟ್ಟರು. ಬಳಿಕ ಹೆಡ್ಡಾಫೀಸಿಗೆ ಮಾಡಿದರು. ಟಕ್. ಟಕ್. ಟಕ್.

“ಗೊತ್ತಾಯ್ತು” ಎಂದರು ಗಂಭೀರವಾಗಿ. “ಕೆಟ್ಟಿರೋದು ಹೆಡ್ಡಾಫೀಸಿನ ಗಡಿಯಾರ. ವಕೀಲರೇ, ಇವರ ತಪ್ಪೇನೂ ಇಲ್ಲ. ತಾಳಪ್ಪ, ನಾಳೆಯಿಂದ ಹೆಡ್ಡಾಫೀಸೂ ನಿಮ್ಮಿಂದಲೇ ತಾಳ ತಗೊಳ್ಳುತ್ತೆ. ಎಲ್ಲ ಎಕ್ಸ್‌ಚೇಂಜಿಗೂ ಇನ್ನು ನೀವೇ ಜವಾಬ್ದಾರಿ. ರಜೆ ಗಿಜೆ ಇಲ್ಲ.”

ತಾಳಪ್ಪನ ಕಣ್ಣಮುಂದೆ ನೂರಾರು ಫ್ಯಾಕ್ಸುಗಳು ಜಾರತೊಡಗಿದವು. ಅವುಗಳಾಚೆ ತಣ್ಣಗೆ, ಸ್ವರ್ಗದಂತೆ, ಕೇಬಲ್ ಗೋಡೌನು ಕಂಡಿತು.

“ಸಾರ್,” ಎಂದ ಕೈಮುಗಿದು, “ಆ ಗೋಡೌನಿನ ಕೆಲಸ ಇನ್ನೂ ಖಾಲಿ ಇದೆಯಾ?”

“ಈಗಷ್ಟೇ ಹೋಯ್ತಲ್ಲ! ನಿಮ್ಮ ಭಾವಮೈದುನ ಕೇಳಿದ, ಕೊಟ್ಟೆ” ಎಂದರು ಸಾಹೇಬರು. “ಅಷ್ಟು ಸ್ಪಷ್ಟವಾಗಿ ಕೇಳಿದ್ರೆ ಯಾರಿಗೆ ತಾನೆ ಇಲ್ಲ ಅನ್ನೋಕಾಗುತ್ತೆ?”