ಸಾವಕಾಶ ಸೇದುವ ಸಿಗಾರು

ಸಾಂಗಲಿ ಪೇಟೆಯ ಅರಿಶಿಣದ ವ್ಯಾಪಾರಿ ಗುರುಸಿದ್ಧಪ್ಪನವರಿಗೆ ಈ ಜನ್ಮದಲ್ಲಿ ಒಂದೇ ಕೊರಗು. ಸೇದಲು ಕಲಿತಂದಿನಿಂದ ಇಂದಿನವರೆಗೆ ಒಂದು ಬೀಡಿಯನ್ನಾದರೂ ಕೂತು ಸೇದಿದವರಲ್ಲ. ಸೇದಿದ್ದೆಲ್ಲ ನಿಂತು, ಬಗ್ಗಿ, ಇಲ್ಲವೆ ಓಡುತ್ತ. ಮೊದಲು ಅಪ್ಪನ ಹೆದರಿಕೆ, ಆಮೇಲೆ ಧರ್ಮಪತ್ನಿ ಗುರುಶಾಂತವ್ವನ ಮೂಗಿನ ಹೆದರಿಕೆ. (ಚೀಲದ ಬಾಯಿ ಬಿಚ್ಚುವ ಮೊದಲೇ ಅರಿಶಿಣ ಹೊಸದೋ ಹಳೆಯದೋ ಹೇಳುವ ಮೂಗು ನನ್ನದು ಎಂದು ಇವರು ಪೇಟೆಯಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದರು. ಮನೆಯಲ್ಲಿದ್ದ ಮೂಗು ಅದರ ಅಪ್ಪ. ಅದಕ್ಕೆ ಗಂಡ ಓಣಿ ಹೊಕ್ಕಾಗಲೇ ವರದಿ ಮುಟ್ಟುತ್ತಿತ್ತು.) ಸಂಡಾಸದ ಹಿಂದೆ, ನೀರಿನ ಟಾಕಿಯ ಮರೆಗೆ, ಗೋದಾಮಿನ ಸಂದಿಯಲ್ಲಿ ನಾಲ್ಕು ದಮ್ಮು ಎಳೆದು, ಚಪ್ಪಲಿಯಿಂದ ಹೊಸಕಿ, ಬಾಯಿಗೆ ಯಾಲಕ್ಕಿ ಒಗೆದುಕೊಂಡು ಸಂಭಾವಿತರಂತೆ ಹೊರಬೀಳುವುದು. ರುಚಿ ಎಲ್ಲಿಂದ ಬರಬೇಕು? ನಾಲಿಗೆಗೆ ಗೊತ್ತಿದ್ದದ್ದು ಬಿಸಿ ಮಾತ್ರ.

ಇಂಥವರ ಕೈಗೆ ಒಂದು ಸಿಗಾರು ಬಿತ್ತು. ಕೊಟ್ಟವರು ಕಸಬೆ ಡಿಗ್ರಜದ ಶಾಂತಿನಾಥ, ಹಳೆಯ ಗೆಳೆಯ. ಅವರ ಹೊಲದ ಅರಿಶಿಣ ನೋಡಲು ಬಂದಿದ್ದ ಪರದೇಶಿ ಗಿರಾಕಿ ಖುಷಿಯಾಗಿ ಕೊಟ್ಟುಹೋಗಿದ್ದ. ಶಾಂತಿನಾಥ ಜೈನರು, ಉಳ್ಳಾಗಡ್ಡಿಯನ್ನೇ ಮನೆಯೊಳಗೆ ಬಿಟ್ಟುಕೊಳ್ಳದವರು, ಇದನ್ನು ಎಲ್ಲಿಡಬೇಕು? ಹೆಬ್ಬೆರಳಿನಷ್ಟು ದಪ್ಪನೆಯ ಆ ವಸ್ತುವನ್ನು ಎರಡು ಬೆರಳಲ್ಲಿ ಹಿಡಿದು ತಂದು, ಜತೆಗೆ ಉಪದೇಶವನ್ನೂ ಕೊಟ್ಟರು.

"ನಾ ಸೇದಾಂವಲ್ಲ ಬಿಡಪಾ, ಆ ಗೋರಾ ಹೇಳಿದ್ದ ಹೇಳತೇನಿ. ಒಂದ್ ಸಲ ಎಳದ್ರ ಕೆಳಗ ಇಡಬೇಕಂತ. ಹೊಗಿ ನುಂಗಬಾರದು, ಬಾಯಾಗ ಆಡಿಸಿ ಬಿಡಬೇಕು. ಗಡಬಡಿ ಮಾಡಿದ್ರ ಕಾಯತೈತಿ, ಕಾದ್ರ ಕಹಿ ಆಗತೈತಿ. ನಡುವ ಆರಿಸಿ ಮತ್ತ ಹಚ್ಚಿದ್ರೂ ಕಹಿನ. ಸಾವಕಾಶ ಸೇದಿದ್ರ ಏನೇನೋ ರುಚಿ ಬರತಾವಂತ, ಬೆಲ್ಲದ್ದು, ಚಹಾದ್ದು, ಮಳಿ ಬಿದ್ದ ಮಣ್ಣಂದು. ಒಂದ್ ತಾಸರ ಬೇಕು ನೋಡು."

"ಒಂದ್ ತಾಸು!" ಗುರುಸಿದ್ಧಪ್ಪ ನಿಟ್ಟುಸಿರು ಬಿಟ್ಟರು. "ಒಂದ್ ತಾಸ ಕುಂತ ಸಾಯ್ತೇನಿ ಅಂದ್ರೂ ಇಕಿ ಪುರಸೊತ್ತ ಕೊಡಾಕಿಲ್ಲೋ ಶಾಂತಿನಾಥ."

ಸಿಗಾರು ಅರಿಶಿಣ ಪುಡಿಯ ಡಬ್ಬಿಯೊಳಗೆ ಅಜ್ಞಾತವಾಸಕ್ಕೆ ಹೋಯಿತು. ಅಲ್ಲೇ ಹೂತಿಟ್ಟರೆ ಆ ಮಹಾ ಮೂಗಿಗೂ ಸಿಗುವುದಿಲ್ಲ ಎಂಬುದು ಲೆಕ್ಕಾಚಾರ. ಪುರಸೊತ್ತು ಸಿಕ್ಕಾಗ ಸೇದೋಣ ಎಂದುಕೊಂಡರು. ಪುರಸೊತ್ತಿನ ಬದಲು ಕೆಮ್ಮು ಬಂತು.

ಕಷಾಯಕ್ಕೆ ಬಗ್ಗಲಿಲ್ಲ, ಅರಿಶಿಣ ಹಾಲಿಗೂ ಬಗ್ಗಲಿಲ್ಲ. (ಸಾಂಗಲಿಯಲ್ಲಿ ಅರಿಶಿಣ ಮಾರುವವನಿಗೇ ಅರಿಶಿಣ ಹತ್ತಲಿಲ್ಲವೆಂದರೆ ಪೇಟೆಯ ಮರ್ಯಾದೆ ಏನಾಗಬೇಕು!) ಕೊನೆಗೆ ಮಿರಜದ ದವಾಖಾನೆ. ಎದೆಯ ಫೋಟೋ ತೆಗೆದರು, ಅದರಲ್ಲಿ ಏನೋ ಕಂಡಿತು, ಒಳಗಿನಿಂದ ಚೂರು ತೆಗೆದು ತಪಾಸಣೆಗೆ ಕಳಿಸಿದರು. ರಿಪೋರ್ಟು ಬಂದ ಕೂಡಲೇ ಫೋನು ಮಾಡುತ್ತೇವೆ ಎಂದರು. ಅಂದಿನಿಂದ ಮನೆಯಲ್ಲಿ ಫೋನು ಗಣಗುಟ್ಟಿದರೆ ಎಲ್ಲರ ಕೈಯೊಳಗಿನ ತುತ್ತು ಅಲ್ಲೇ ನಿಲ್ಲುತ್ತಿತ್ತು. ಗುರುಶಾಂತವ್ವ ಮಾತ್ರ ಬೈಯುವುದರಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. "ಬೀಡಿ ಸೇದಿ ಸೇದಿ ಎದಿ ಒಲಿ ಮಾಡ್ಕೊಂಡೀರಿ, ಈಗ ನೋಡ್ರಿ!" ಎಂದು ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ.

ಗುರುಸಿದ್ಧಪ್ಪನವರ ಆಸೆ ಈಗ ಇಷ್ಟೇ ಉಳಿದಿತ್ತು. ಆ ಫೋನು ಬರುವುದರೊಳಗೆ, ಮನುಷ್ಯರ ಹಾಗೆ ಕೂತು, ಒಂದು ತಾಸು ಸೇದಬೇಕು. ಬಂದ ಮೇಲೆ ಏನು ರುಚಿ ಹತ್ತೀತು?

ಆ ದಿನ ಮಧ್ಯಾಹ್ನ ಗುರುಶಾಂತವ್ವ ಮೊಬೈಲು ತೆಗೆದುಕೊಂಡು ಅಕ್ಕನ ಬಳಗದ ಭಜನೆಗೆ ಹೋದರು. ಮಗ ಅಂಗಡಿಯಲ್ಲಿದ್ದ. ಸೊಸೆ ರೂಪಾಲಿ ಮರಾಠಿ ಶಾಲೆಯ ಮೇಡಂ, ಸಂಜೆಗೇ ಬರುವವಳು. ಗುರುಸಿದ್ಧಪ್ಪ ಡಬ್ಬಿ ತೆಗೆದರು. ಸಿಗಾರು ಮೈಗೆಲ್ಲ ಅರಿಶಿಣ ಹಚ್ಚಿಕೊಂಡ ಮದುಮಗನಂತೆ ಹೊರಬಂತು. ಒರೆಸಿ, ಮಾಳಿಗೆ ಹತ್ತಿ, ಟಾಕಿಯ ಮರೆಗೆ ನಿಂತು ಕಡ್ಡಿ ಗೀರಿದರು. ಮನೆ ತುಂಬ ಖಾಲಿ ಕುರ್ಚಿಗಳಿದ್ದರೂ ಕಾಲು ತಾನಾಗಿ ಟಾಕಿಯ ಮರೆಗೇ ಹೋಯಿತು, ಚಟ ಅಂದರೆ ಅದು. ಶಾಂತಿನಾಥನ ಉಪದೇಶವೂ ಆ ಗಾಳಿಯಲ್ಲೇ ಹಾರಿಹೋಯಿತು. ಎಳೆ, ಎಳೆ, ಇನ್ನೊಂದು ಎಳೆ! ಸಿಗಾರು ಕಾದು ಕೆಂಡವಾಯಿತು, ನಾಲಿಗೆ ಚುರ್ ಎಂದಿತು, ಬಾಯಿ ಬೇವಿನ ಚಕ್ಕೆ ಜಗಿದಂತೆ ಕಹಿಕಹಿ.

ಹಿಂದೆ ಬಳೆ ಸಪ್ಪಳವಾಯಿತು. ತಿರುಗಿದರೆ ಗುರುಶಾಂತವ್ವ!

ಬೀಡಿಯಾದರೆ ಮುಷ್ಟಿಯಲ್ಲಿ ಅಡಗಿಸಬಹುದು. ಈ ಒನಕೆಯನ್ನು ಎಲ್ಲಿ ಅಡಗಿಸುವುದು? ಗುರುಸಿದ್ಧಪ್ಪ ಕಣ್ಣು ಮುಚ್ಚಿ ಕಾದರು. ಬೈಗುಳ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದರು. ಹೆಂಡತಿಯ ಕೈಯಲ್ಲಿ ಮೊಬೈಲು, ಮುಖ ಸುಣ್ಣದಂತಿತ್ತು.

"ಬಿಸಲಾಗ ಯಾಕ ನಿಂತೀರಿ?" ಎಂದರು ಗುರುಶಾಂತವ್ವ. "ಕೆಳಗ ಬರ್ರಿ. ಕುರ್ಚಿ ಹಾಕತೇನಿ. ಕುಂತ ಸಾವಕಾಶ ಸೇದರಿ."

ಗುರುಸಿದ್ಧಪ್ಪನವರಿಗೆ ಕಿವಿಯ ಮೇಲೆ ನಂಬಿಕೆ ಹೋಯಿತು. ಪಡಸಾಲೆಯಲ್ಲಿ ಕುರ್ಚಿ ಬಂತು. ಬೂದಿ ಕೊಡವಲು ಸ್ಟೀಲಿನ ಬಸಿ ಬಂತು. ಮೆಟ್ಟಿಲಿಳಿಯುವಾಗ ಸಿಗಾರು ಆರಿದ್ದಕ್ಕೆ ಕಡ್ಡಿಪೆಟ್ಟಿಗೆ ಬಂತು, ಅದೂ ದೇವರ ಕೋಣೆಯಿಂದ! ಹೆಂಡತಿ ಎದುರಿಗೆ ನೆಲದ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕತೊಡಗಿದರು. ಇಂದ್ರಪದವಿ ಅಂದರೆ ಇದೇ ಎಂದು ಗುರುಸಿದ್ಧಪ್ಪ ಕಾಲಮೇಲೆ ಕಾಲು ಹಾಕಿದರು, ಹಾಕಿದ ಕಾಲನ್ನು ಮರುಗಳಿಗೆಯೇ ಇಳಿಸಿದರು. ಸಾವಕಾಶ ಸೇದರಿ ಅಂದಳಲ್ಲ? ಜನ್ಮದಲ್ಲಿ ಒಂದು ದಮ್ಮಿಗೆ ಅವಕಾಶ ಕೊಡದವಳು ಇವತ್ತು ಸಾವಕಾಶ ಅಂತಾಳಂದರೆ, ಆ ಶಬ್ದವನ್ನು ಎಲ್ಲಿ ಒಡೆದು ಓದಬೇಕು? ಸಾವು, ಆಮೇಲೆ ಅವಕಾಶ!

"ಯಾರದ ಫೋನ್ ಬಂದಿತ್ತು?"

"ಮಿರಜದಿಂದ."

"ಏನಂದ್ರು?"

"ಏನಿಲ್ಲ. ನೀವ ಸೇದರಿ."

"ಏ, ಏನಂದ್ರ ಹೇಳ!"

ಗುರುಶಾಂತವ್ವ ಸೆರಗಿನಿಂದ ಬಾಯಿ ಒತ್ತಿ ಹಿಡಿದರು. "ಡಾಕ್ಟರ ಹೆಸರ ಹೇಳಿ... ಗಾಠ ಅಂದ್ರು. ಮುಂದ ನನಗ ಏನೂ ಕೇಳಿಸಲಿಲ್ಲರಿ."

ಮರಾಠಿಯ ಗಾಠ ಅಂದರೆ ಗಂಟು. ಎದೆಯೊಳಗೆ ಗಂಟು. ಕುರ್ಚಿ ಇತ್ತು, ಪುರಸೊತ್ತಿತ್ತು, ಹೆಂಡತಿಯ ಅಪ್ಪಣೆಯಿತ್ತು. ಆದರೂ ಗುರುಸಿದ್ಧಪ್ಪ ಮಿರಜ ಸ್ಟೇಶನ್ನಿನ ಹಳೆಯ ಕಲ್ಲಿದ್ದಲ ಎಂಜಿನ್ನಿನ ಹಾಗೆ ಭುಸುಭುಸು ಎಳೆಯತೊಡಗಿದರು. ಸಂಡಾಸದ ಹಿಂದೆಯೂ ಅಷ್ಟು ಅವಸರದಿಂದ ಸೇದಿದವರಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಅಂತ ಅವರೂ ಅಂದರು, ಹೌದು ಹೊಗೆಯಿಂದ ಅಂತ ಅವರ ಹೆಂಡತಿಯೂ ಅಂದರು.

ಆ ಹೊಗೆಯೊಳಗೆ, ಶಾಲೆ ಬೇಗ ಬಿಟ್ಟಿದ್ದರಿಂದ, ಸೊಸೆ ರೂಪಾಲಿ ಬಂದಳು. "ಅಯ್ಯೋ, ಹೇ ಕಾಯ್? ಮಾಮಾ, ಏನ್ ಸೇದಾಕತ್ತೀರಿ? ಅತ್ತಿ, ನೀವ ಗಾಳಿ ಹಾಕಾಕತ್ತೀರಿ?"

ಅತ್ತೆ ಅಳುತ್ತ ಹೇಳಿದ್ದನ್ನು ಕೇಳಿ ಅವಳೂ ಬೆವತಳು. ಆದರೂ ಮೇಡಂ ಅಲ್ಲವೇ, ಅದೇ ನಂಬರಿಗೆ ಫೋನು ಹಚ್ಚಿ ಮರಾಠಿಯಲ್ಲಿ ಕೇಳಿದಳು. ಕೇಳಿ, ಹಣೆ ಹಣೆ ಬಡಿದುಕೊಂಡಳು.

"ಅತ್ತಿ, ಅವರು ಅಂದದ್ದು 'ಡಾಕ್ಟರಾಂಚಿ ಗಾಠ ಘ್ಯಾ' ಅಂತ! ಡಾಕ್ಟರನ ಭೆಟ್ಟಿ ಆಗ್ರಿ ಅಂತ ಅರ್ಥ. ಗಾಠ ಘ್ಯಾ ಅಂದ್ರ ಭೆಟ್ಟಿ! ನಾಳೆ ಮುಂಜಾನೆ ಬರ್ರಿ ಅಂದಾರ, ಅಷ್ಟ!"

ಗುರುಶಾಂತವ್ವನ ತವರು ಕನ್ನಡವೇ ನಡೆಯುವ ಲಿಂಗನೂರು. ಅವರ ಮರಾಠಿ ಕಾಯಿಪಲ್ಲೆಯವಳ ಸಂಗಡ ಜಗಳ ಕಾಯುವಷ್ಟು ಗಟ್ಟಿ, ಅದರಾಚೆ ನುಚ್ಚು. ಮೇಲಾಗಿ ಅಂಜಿಕೆ ತುಂಬಿದ ಕಿವಿ, ಒಂದು ಶಬ್ದಕ್ಕೆ ಎರಡು ಅರ್ಥವಿದ್ದರೆ ಅದು ಕೆಟ್ಟದ್ದನ್ನೇ ಆರಿಸಿಕೊಳ್ಳುತ್ತದೆ. ಅವರು ಅತ್ತರು, ನಕ್ಕರು, ಮರುಕ್ಷಣ ಎದ್ದು ನಿಂತು ಗಂಡನ ಬಾಯಿಂದ ಸಿಗಾರು ಕಸಿದು ಬಸಿಯಲ್ಲಿ ಒತ್ತಿ ಆರಿಸಿದರು. ಬೆರಳಿಗೆ ಅರಿಶಿಣ ಹತ್ತಿತು.

"ಸಾಯಾಂಗಿಲ್ಲ ಅಂದ ಮ್ಯಾಲ ಸೇದೂದ್ ಯಾಕ? ನಾಚಿಕಿ ಬರಬೇಕು! ಅರಿಶಿಣ ಡಬ್ಬಿಯೊಳಗ ಇಟ್ಟೀರೇನು? ಅದ ಅರಿಶಿಣಾ ನಿನ್ನೆ ದೇವರಿಗೆ ಹಚ್ಚೇನಿ ನಾನು!"

ದಿನಾ ಕಹಿಯಾಗಿದ್ದ ಬೈಗುಳ ಅಂದು ಹೋಳಿಗೆಯ ಹಾಗೆ ಇಳಿಯಿತು. ಗುರುಸಿದ್ಧಪ್ಪ ರಾತ್ರಿ ಊಟಕ್ಕೆ ಹೆಚ್ಚಿಗೆ ಒಂದು ರೊಟ್ಟಿ ಹಾಕಿಸಿಕೊಂಡರು. ಉಳಿದರ್ಧ ಸಿಗಾರು ಕಪಾಟಿನ ಮೇಲೆ ಸೆರೆವಾಸಕ್ಕೆ ಹೋಯಿತು.

ಮರುದಿನ ಮಿರಜಕ್ಕೆ ಹೋದರು, ಡಾಕ್ಟರರ ಗಾಠ ತೆಗೆದುಕೊಂಡರು. ದಾರಿಯುದ್ದಕ್ಕೂ ಗಾಠ ಗಾಠ ಎಂದು ರೂಪಾಲಿ ಅತ್ತೆಯನ್ನು ಕಾಡಿಸಿ ನಗಿಸಿದ್ದಳು. ಡಾಕ್ಟರು ಎಲ್ಲರನ್ನೂ ಕೂಡ್ರಿಸಿದರು, ಕಾಗದ ನೋಡಿದರು, ಕನ್ನಡಕ ತೆಗೆದಿಟ್ಟರು. ಆಮೇಲೆ ಮೆಲ್ಲಗೆ, ಸ್ವಚ್ಛ ಮರಾಠಿಯಲ್ಲಿ ಹೇಳಿದರು, "ಗಾಠ ಆಹೇ."

ಗಂಟು ಇದೆ. ಈ ಸಲ ಆ ಶಬ್ದಕ್ಕೆ ಇನ್ನೊಂದು ಅರ್ಥವಿರಲಿಲ್ಲ. ಇಬ್ಬರೂ ಸೊಸೆಯ ಮುಖ ನೋಡಿದರು. ಸೊಸೆ ತಲೆ ತಗ್ಗಿಸಿದಳು. ಔಷಧ ಶುರು ಮಾಡೋಣ, ಗಂಟು ದೊಡ್ಡದಿದೆ, ಅದಕ್ಕೆ ಔಷಧ ಎಷ್ಟರಮಟ್ಟಿಗೆ ಹತ್ತುತ್ತದೋ ಈಗಲೇ ಹೇಳಲಾಗದು, ತಂಬಾಕು ಪೂರ್ತಿ ಬಂದ್ ಎಂದರು ಡಾಕ್ಟರು. ತಿರುಗಿ ಬರುವ ದಾರಿಯಲ್ಲಿ ಯಾರೂ ಯಾರನ್ನೂ ಕಾಡಿಸಲಿಲ್ಲ.

ಸಂಜೆಯ ಹೊತ್ತು ಪಡಸಾಲೆಯಲ್ಲಿ ಗುರುಸಿದ್ಧಪ್ಪ ಎದ್ದರು. ಬೇಕಂತಲೇ ಸ್ಟೂಲು ದರದರ ಎಳೆದರು. ಬೇಕಂತಲೇ ಕಪಾಟಿನ ಮೇಲಿನ ಡಬ್ಬಿಗಳನ್ನು ಢಣಢಣ ಬಾರಿಸಿದರು. ಸಿಗಾರು ಇಳಿಸಿ, ಅಡಿಗೆಮನೆಗೆ ಕಾಣುವ ಹಾಗೆ ಬಾಯಲ್ಲಿಟ್ಟು ಕೂತರು. ಸೇದುವ ಆಸೆ ಸಾಸಿವೆಯಷ್ಟೂ ಇರಲಿಲ್ಲ. ಬೈಸಿಕೊಳ್ಳಬೇಕಿತ್ತು. ಡಾಕ್ಟರೇ ಬ್ಯಾಡಂದಾರ, ನಿಮ್ಮ ಬಾಯಿಗೆ ಬೆಂಕಿ ಹಾಕ, ಎಂದು ಇವಳು ಒಮ್ಮೆ ಚೀರಿದರೆ ಸಾಕು, ತಾವಿನ್ನೂ ಬದುಕುವವರ ಲೆಕ್ಕದಲ್ಲಿದ್ದೇವೆ ಅಂತ ಖಾತ್ರಿ.

ಗುರುಶಾಂತವ್ವ ಬಂದರು. ಒಂದು ಕೈಯಲ್ಲಿ ಬಸಿ, ಇನ್ನೊಂದು ಕೈಯಲ್ಲಿ ದೇವರ ಕೋಣೆಯ ಕಡ್ಡಿಪೆಟ್ಟಿಗೆ.

ಕಡ್ಡಿಯನ್ನು ತಾವೇ ಗೀರಿ ಗಂಡನ ಮುಂದೆ ಹಿಡಿದರು. ಮೊದಲ ದಮ್ಮು ಕಹಿ. ಗುರುಶಾಂತವ್ವ ಎದುರಿಗೆ ನೆಲದ ಮೇಲೆ ಕೂತರು. ಅವರನ್ನು ನೋಡುತ್ತ ಗಂಡನಿಗೆ ಎಳೆಯುವ ನೆನಪೇ ಬಹಳ ಹೊತ್ತು ಬರಲಿಲ್ಲ. ನೆನಪಾಗಿ ಎಳೆದರೆ ಹೊಗೆ ತಣ್ಣಗಿತ್ತು. ಕಹಿಯ ಹಿಂದಿನಿಂದ ಏನೋ ಸಿಹಿಯಂಥದು, ಅರಿಶಿಣ ಕುದಿಸುವ ಕಾಲದಲ್ಲಿ ಹೊಲದ ಕಡೆಯಿಂದ ಬರುವ ವಾಸನೆಯಂಥದು ನಾಲಿಗೆಗೆ ಬಂತು. ಹಾಳಾದ್ದು, ಗೋರಾ ಹೇಳಿದ್ದು ಖರೇನೇ! ಬರಬಾರದ ದಿನವೇ ಬಂತು ರುಚಿ.

"ಏ ಇಕಿನ," ಎಂದರು ಗುರುಸಿದ್ಧಪ್ಪ. "ಬೈಯವಲ್ಲಿ ಯಾಕ? ಒಂದಿಷ್ಟ ಬೈ ನೋಡೂಣು."

"ಬೈತೇನಿ," ಎಂದರು ಗುರುಶಾಂತವ್ವ. "ಸಾವಕಾಶ ಬೈತೇನಿ. ಗಡಬಡಿ ಏನೈತಿ?"

ಎಂದವರು ಕೈ ಚಾಚಿ, ಗಂಡನ ಬೆರಳ ಸಂದಿಯಿಂದ ಸಿಗಾರು ತೆಗೆದು ಬಸಿಯಲ್ಲಿ ಒತ್ತಿ ಆರಿಸಿಬಿಟ್ಟರು. ಇನ್ನೂ ಮೊಟುಕು ಉಳಿದಿತ್ತು.

"ಅಯ್ಯ! ಈಗ ರುಚಿ ಹತ್ತಿತ್ತಲ್ಲ! ಆರಿಸಿ ಹಚ್ಚಿದ್ರ ಮತ್ತ ಕಹಿ ಆಗತೈತಿ!"

"ಆದ್ರ ಆಗವಲ್ದ್ಯಾಕ. ಇದು ನಾಳಿಗೆ," ಎಂದು ಗುರುಶಾಂತವ್ವ ಮೊಟುಕನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. "ನಾಳೆ ಕಹಿ ಐತಿ ಅಂತ ನೀವ್ ನನ್ನ ಬೈರಿ. ಯಾಕ ಸೇದತೀರಿ ಅಂತ ನಾ ನಿಮ್ಮನ್ನ ಬೈತೇನಿ. ಈಗ ಏಳ್ರಿ, ರೊಟ್ಟಿ ಆರತಾವು."