ಒಂದೇ ಬಾಟಲಿ ನಿದ್ದೆ

ಅರಿವಳಿಕೆ ಔಷಧಿ ಇರುವಲ್ಲಿ ರೋಗಿಯ ಪ್ರಜ್ಞೆ ತಪ್ಪುತ್ತದೆ, ಸುತ್ತಲಿನವರ ಬುದ್ಧಿ ತಪ್ಪುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಮುಗಿಸಿ ಹಾಸನದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರ ಸಹಾಯಕನಾಗಿದ್ದಾಗ ಇದನ್ನು ವಾರವಾರವೂ ಕಂಡೆ. ಒಬ್ಬ ರೋಗಿಯ ಸುತ್ತ ನಡೆದಷ್ಟನ್ನು ಹೇಳುತ್ತೇನೆ.

ಆತ ಕೊಣನೂರು ಕಡೆಯ ರೈತ. ಉಬ್ಬಸ ಬಿಗಿದು ಐಸಿಯುಗೆ ಬಂದಿದ್ದ. ಉಸಿರಾಟದ ಯಂತ್ರಕ್ಕೆ ಹಾಕಿದರೂ, ಬೇರೆ ಮದ್ದು ಕೊಟ್ಟರೂ ಎದೆ ಸಡಿಲಲಿಲ್ಲ. ಹ್ಯಾಲೊಥೇನ್ ಎಂಬ ಅರಿವಳಿಕೆ ಔಷಧಿಯ ಆವಿಯಿಂದ ನಿದ್ದೆಯೂ ಬರುತ್ತದೆ, ಶ್ವಾಸನಾಳವೂ ಬಿಚ್ಚಿಕೊಳ್ಳುತ್ತದೆ. ಆದರೆ ನಮ್ಮಲ್ಲಿದ್ದದ್ದು ಒಂದೇ ಬಾಟಲಿ. ಇನ್ನೊಂದು ಮೈಸೂರಿನಿಂದ ಮರುದಿನ ಬಸ್ಸಿನಲ್ಲಿ ಬರಬೇಕು. ಅಷ್ಟರಲ್ಲಿ ಮುಗಿದರೆ ಆತ ಎಚ್ಚೆತ್ತು ಯಂತ್ರದ ಜೊತೆ ಗುದ್ದಾಡಿ, ಜೀವಕ್ಕೇ ಸಂಚಕಾರ. ಡಾಕ್ಟರು ಆಪರೇಷನ್ ಥಿಯೇಟರಿನ ಯಂತ್ರವನ್ನೇ ತರಿಸಿದರು. ಆತ ಬಿಟ್ಟ ಉಸಿರು ಸುಣ್ಣದ ಹರಳುಗಳ ಡಬ್ಬಿಯಲ್ಲಿ ಹಾದು ಶುದ್ಧವಾಗಿ, ಉಳಿದ ಆವಿಯ ಸಮೇತ ಮತ್ತೆ ಅವನಿಗೇ ಹೋಗುತ್ತಿತ್ತು.

ಸುಣ್ಣ

ಅವನ ಅತ್ತೆಗೆ ಇದನ್ನು ವಿವರಿಸಿದೆ. ಹಂಗಾದ್ರೆ ಎಂಜಲು ಉಸಿರು ಅಂದರು. ಅವನದೇ ಎಂಜಲಲ್ವಾ ಅಮ್ಮ ಅಂದೆ. ತನ್ನ ತಟ್ಟೆಯದು ತನಗೆ ಎಂಜಲಲ್ಲವೆಂದು ಒಪ್ಪಿದರು. ಸಂಜೆಗೆ ಹರಳುಗಳು ನೇರಳೆಗೆ ತಿರುಗಿದವು. ಅದು ಸುಣ್ಣದ ಶಕ್ತಿ ಮುಗಿದ ಗುರುತು. ನಾನು ಹೊಸದು ತುಂಬುವುದನ್ನು ಗಾಜಿನಾಚೆಯಿಂದ ಕಂಡ ಆಕೆ ಎಲೆಅಡಿಕೆ ಚೀಲದಿಂದ ತಮ್ಮ ಡಬ್ಬಿ ತೆಗೆದರು.

"ಸಾಲ್ದಿದ್ರೆ ಈಗ್ಲೇ ತಗಳಿ ಸಾ. ದೀಪ ಅಚ್ಚಿದ್ ಮ್ಯಾಕೆ ನಾವು ಸುಣ್ಣ ಕೊಡಾಕಿಲ್ಲ."

ಕಿಟಕಿ

ಯಂತ್ರದಲ್ಲಿ ಹೆಚ್ಚಾದ ಗಾಳಿ, ಒಂದಿಷ್ಟು ಆವಿಯ ಸಮೇತ, ಕೊಳವೆಯೊಂದರಲ್ಲಿ ಕಿಟಕಿಯಾಚೆ ಹೋಗುತ್ತಿತ್ತು. ಹೊರಗಿನ ಬೆಂಚಿನಲ್ಲಿ ಕೂತ ರೋಗಿಯ ಮಾವ, ವರ್ಷಗಳಿಂದ ನಿದ್ದೆ ಕಾಣದವರು, ಗೊರಕೆ ಹೊಡೆದರು. ಸುದ್ದಿ ಹಬ್ಬಿತು. ಮಾರನೆಯ ದಿನ ಜನ ಟವೆಲ್ ಹಾಕಿ ಸೀಟು ಹಿಡಿದಿದ್ದರು. ಗಾಳಿಯನ್ನು ತೀರ ಕಡಿಮೆ ಮಾಡಿದ್ದೇವೆ, ಆಚೆ ಏನೂ ಬರುತ್ತಿಲ್ಲ ಎಂದರೆ ಮಾವ ಕೇಳಲಿಲ್ಲ.

"ನಮ್ಮ ಅಳೀಮಯ್ಯನ ಮದ್ದು ಕಣಪ್ಪ. ನಾವು ಒಸಿ ಮಲಿಕಂಡ್ರೆ ನಿಂಗೇನು?"

ತಲೆಯೆತ್ತಿ ನೋಡಿದೆ. ಅವರ ಮೇಲಿದ್ದದ್ದು ಏಸಿಯ ನೀರಿನ ಪೈಪು. ನಮ್ಮ ಕೊಳವೆ ಪಕ್ಕದ ಕಿಟಕಿಯಲ್ಲಿತ್ತು. ಹಾಗೆಂದ ಕೂಡಲೇ ಟವೆಲುಗಳೆಲ್ಲ ಅಲ್ಲಿಗೆ ವರ್ಗವಾದವು. ಅಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.

ಬಸ್ಸು

ಬಾಟಲಿ ಒಡೆದರೆ ಬಸ್ಸಿಗೆ ಬಸ್ಸೇ ಮಲಗುತ್ತದೆ ಎಂದು ಮೈಸೂರಿನ ಔಷಧಿ ಅಂಗಡಿಯವನು ಕಂಡಕ್ಟರಿಗೆ ಹೇಳಿ ಕಳಿಸಿದ್ದನಂತೆ. ಹೊಳೆನರಸೀಪುರದಲ್ಲಿ ಡ್ರೈವರಿಗೆ ಆಕಳಿಕೆ ಬಂತು. ಬಾಟಲಿ ಇಳಿಯಬೇಕು, ಇಲ್ಲ ತಾನು ಇಳಿಯುತ್ತೇನೆ ಎಂದು ಕೂತುಬಿಟ್ಟ. ಪ್ರಯಾಣಿಕರ ಪಂಚಾಯ್ತಿ ಬಹಳ ಹೊತ್ತು ನಡೆಯಿತು. ಕೊನೆಗೆ ಕಂಡಕ್ಟರ್ ಬಾಗಿಲ ಮೆಟ್ಟಿಲ ಮೇಲೆ ನಿಂತು ಬಾಟಲಿಯನ್ನು ಆಚೆ ಚಾಚಿಕೊಂಡು ಬರುವುದೆಂದು ರಾಜಿಯಾಯಿತು.

ಇತ್ತ ನಮ್ಮ ಬಾಟಲಿಯ ತಳ ಕಾಣುತ್ತಿತ್ತು. ಡಾಕ್ಟರು ಗಾಳಿಯನ್ನು ಇನ್ನಷ್ಟು ಬಿಗಿಹಿಡಿದರು. ಕೊನೆಯ ತೊಟ್ಟಿನ ಹೊತ್ತಿಗೆ ಎದೆ ಸಡಿಲಿ ಉಬ್ಬಸದ ಸೀಟಿ ನಿಂತಿತು. ಆವಿ ನಿಲ್ಲಿಸಿ, ಎಚ್ಚರವಾದ ಮೇಲೆ ಬಾಯಿಯ ಕೊಳವೆ ತೆಗೆದೆವು. ಆತ ದಿಂಬಿಗೊರಗಿ ಕೂತ.

ಆಗ ಬಂದ ಕಂಡಕ್ಟರ್. ಕೆನ್ನೆ ಉಬ್ಬಿಸಿ, ಉಸಿರು ಬಿಗಿಹಿಡಿದು, ಗೇಟಿನಿಂದ ಮೆಟ್ಟಿಲು ಹತ್ತಿ ಓಡಿ ಬಂದಿದ್ದ. ಬಾಟಲಿಯನ್ನು ನನ್ನ ಕೈಗಿಟ್ಟು ಅಲ್ಲೇ ದೊಪ್ಪನೆ ಬಿದ್ದ. ಎತ್ತಿ ಪಕ್ಕದ ಮಂಚದಲ್ಲಿ ಮಲಗಿಸಿದೆವು.

ರೋಗಿ ಗೊಗ್ಗರು ದನಿಯಲ್ಲಿ ಕೇಳಿದ: "ಇವನ್ಗೆ ಎಷ್ಟು ಕೊಟ್ರಿ ಸಾ?"

ಡಾಕ್ಟರು ಬಾಟಲಿಯನ್ನು ತಿರುಗಿಸಿ ನೋಡಿದರು. "ಸೀಲೇ ಒಡೆದಿಲ್ಲಪ್ಪ. ಇಷ್ಟು ಉಳಿತಾಯದಲ್ಲಿ ನಾನು ಇವತ್ತಿನವರೆಗೂ ಯಾರನ್ನೂ ಮಲಗಿಸಿಲ್ಲ."